ಪಿಸುಮಾತೂ ಕೂಡದು

ಫೆಬ್ರವರಿ 6, 1973, ಮಂಗಳವಾರ

ಆಸ್ಪತ್ರೆಯಿಂದ ಮನೆಗೆ ಬಂದೆ. ಗಂಟಲೊಳಗೆ ಮುಳ್ಳುತಂತಿ ಎಳೆದು ಬಿಟ್ಟ ಹಾಗಿದೆ. ಗಂಟು ಕೆಟ್ಟದ್ದಲ್ಲವಂತೆ, ತೆಗೆದುಹಾಕಿದ್ದಾರೆ. ಡಾಕ್ಟರ್ ಬೋರೋಶ್, ನನ್ನ ಅರ್ಧ ವಯಸ್ಸಿನ ಹೆಂಗಸು, ಶಾಲೆಯ ಟೀಚರಿನಂತೆ ಬೆರಳೆತ್ತಿ ಹೇಳಿದಳು: "ಐದು ವಾರ ಒಂದಕ್ಷರ ಇಲ್ಲ. ಪಿಸುಮಾತೂ ಕೂಡದು. ಪಿಸುಗುಟ್ಟೋದು ಕೂಗೋದಕ್ಕಿಂತ ಕೆಟ್ಟದ್ದು. ಗೊತ್ತಾಯ್ತಾ? ಗೊತ್ತಾದ್ರೆ ತಲೆ ಆಡಿಸಿ, ಹೂಂ ಅನ್ಬೇಡಿ."

ತಲೆ ಆಡಿಸಿದೆ. ಮೂವತ್ತೊಂದು ವರ್ಷ ರಂಗದ ಮೇಲೆ ನಿಂತ ಗೆರೆಬೆನ್ ವಿಲ್ಮೋಶ್, ಹದಿನೇಳು ಸಿನಿಮಾಗಳ ಗೆರೆಬೆನ್ ವಿಲ್ಮೋಶ್, ಎತ್ತಿನ ಹಾಗೆ ತಲೆ ಆಡಿಸಿದೆ.

ಹೆಂಡತಿ ಎತೆಲ್ಕಾ ಎರಡು ನೋಟ್‌ಬುಕ್ ತಂದಿಟ್ಟಿದ್ದಾಳೆ. ಒಂದು ಬೇರೆಯವರಿಗೆ ಬರೆದು ತೋರಿಸಲು. ಇದು ಎರಡನೆಯದು, ಯಾರಿಗೂ ತೋರಿಸುವುದಲ್ಲ. ಮಾತಿಲ್ಲದೆ ನನ್ನ ಹೊಟ್ಟೆ ಒಡೆದುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮಾರ್ಚ್ ಒಂಬತ್ತಕ್ಕೆ ಹೊಸ ನಾಟಕದ ಮೊದಲ ಪ್ರದರ್ಶನ. ಕೋಟೆಯ ದಳಪತಿ ನಾನು. ನನ್ನ ಬಾಯಿಗೆ ಬಿಡುಗಡೆ ಮಾರ್ಚ್ ಹನ್ನೆರಡಕ್ಕೆ. ಮೂರು ದಿನದ ಮಾತು. ಮುಂದೂಡದೆ ಏನು ಮಾಡುತ್ತಾರೆ? ನಾನಿಲ್ಲದೆ ದಳಪತಿ ಎಲ್ಲಿ?

ಫೆಬ್ರವರಿ 9, ಶುಕ್ರವಾರ

ಬೋಡೋಗ್ ಬಂದಿದ್ದ. ನಮ್ಮ ಮಂಡಳಿಗೆ ಇಪ್ಪತ್ತು ವರ್ಷದ ಹಿಂದೆ ಸೇರಿದವನು. ಅಂದಿನಿಂದ ನನ್ನ ಸ್ನೇಹಿತ, ಅಂದಿನಿಂದ ನನ್ನ ಪಾತ್ರಗಳ ಮೇಲೆ ಕಣ್ಣು. ಪ್ಲಮ್ ಹಣ್ಣಿನ ಬ್ರಾಂಡಿ, ಪಾಲಿಂಕಾ ಬಾಟಲಿ ತಂದ. ನಾನು ಕುಡಿಯುವ ಹಾಗಿಲ್ಲವೆಂದು ತಾನೇ ಬಗ್ಗಿಸಿಕೊಂಡು ಕುಡಿದ.

"ನೋಡೋ ಮುದುಕಾ, ನನ್ನ ಬಾಯಿಂದಲೇ ಕೇಳಿಬಿಡು, ಬೇರೆಯವರಿಂದ ಬೇಡ. ದಳಪತಿ ನಂಗೆ ಬಂತು."

ನಾನು ನೋಟ್‌ಬುಕ್ ಎತ್ತಿಕೊಳ್ಳಲಿಲ್ಲ. ಸುಮ್ಮನೆ ನೋಡಿದೆ. ರಂಗದ ಮೇಲಿಂದ ಹಾಗೆ ನೋಡಿದರೆ ಮುಂದಿನ ಸಾಲಿನ ಪ್ರೇಕ್ಷಕರು ಕುರ್ಚಿಯಲ್ಲಿ ಹಿಂದೆ ಸರಿಯುತ್ತಿದ್ದರು.

"ಹಂಗ್ಯಾಕ್ ನೋಡ್ತೀಯಾ? ನಾನೇನು ನಿನ್ನ ಗಂಟಲಿಗೆ ಗಂಟು ಕಟ್ಟಿದ್ನಾ?"

ಬೋಡೋಗ್ ದಳಪತಿ! ಅವನ ಮಾತು ಮೂರನೇ ಸಾಲು ದಾಟಿದರೆ ಹೆಚ್ಚು. ನನ್ನಪ್ಪ ತೀಸಾ ನದಿಯಲ್ಲಿ ದೋಣಿ ದಾಟಿಸುತ್ತಿದ್ದ. ಆಚೆ ದಡದಲ್ಲಿದ್ದ ಅವನನ್ನು ಊಟಕ್ಕೆ ಕೂಗುವುದು ನನ್ನ ಕೆಲಸ. ನೀರಿನ ಮೇಲೆ ದನಿ ಹೇಗೆ ಹೋಗುತ್ತದೆ ಎಂದು ಏಳು ವರ್ಷಕ್ಕೇ ಕಲಿತವನು ನಾನು. ಅದನ್ನು ಯಾವ ನಾಟಕ ಶಾಲೆಯೂ ಕಲಿಸುವುದಿಲ್ಲ.

ಎತೆಲ್ಕಾ ಬೋಡೋಗನಿಗೆ ಕೋಟು ತೊಡಿಸಿ ಕಳಿಸಿದಳು. ನನ್ನ ಪರವಾಗಿ ಒಂದು ಮಾತು ಆಡಲಿಲ್ಲ.

ಫೆಬ್ರವರಿ 12, ಸೋಮವಾರ

ಹಿಮ. ಕ್ಯಾಮೊಮೈಲ್ ಹೂವಿನ ಕಷಾಯ. ಮತ್ತೆ ಹಿಮ.

ಒಲೆಯ ಮೇಲೆ ಕೆಟಲ್ ರೈಲಿನ ಹಾಗೆ ಸೀಟಿ ಹೊಡೆಯುತ್ತಿತ್ತು. ಎತೆಲ್ಕಾ ಪಕ್ಕದಲ್ಲೇ ಈರುಳ್ಳಿ ಹೆಚ್ಚುತ್ತಿದ್ದವಳು ಹೆಚ್ಚುತ್ತಲೇ ಇದ್ದಳು. ನಾನೇ ಎದ್ದು ಆರಿಸಿದೆ. ರೋಗಿ ನಾನೋ ಅವಳೋ?

ಫೆಬ್ರವರಿ 15, ಗುರುವಾರ

ಕಟ್ಟಡ ನೋಡಿಕೊಳ್ಳುವ ರೇಜಿ ನೇನಿ ಎಲೆಕೋಸಿನ ಪಾತ್ರೆ ಹಿಡಿದು ಬಂದಳು. ಮೂರು ಮಹಡಿಗೂ ಅವಳು ನೇನಿ, ಎಲ್ಲರಿಗೂ ಅತ್ತೆ. ನಾನು ತಿರುಗಿ ಮಾತಾಡಲಾರೆ ಎಂದು ಗೊತ್ತಾದದ್ದೇ ತಡ, ಕುರ್ಚಿ ಎಳೆದುಕೊಂಡು ಕೂತಳು.

"ಕಲಾವಿದರೇ, ನಾನು ಹೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ. ನಿಮ್ಮ ಮನೆಯವರಿಗೆ ಬಹಳ ಗರ್ವ ಬಂದಿದೆ. ಮೆಟ್ಟಿಲ ಮೇಲೆ ಹಿಂದಿನಿಂದ ನಮಸ್ಕಾರ ಹೇಳಿದ್ರೆ ತಿರುಗೂ ನೋಡಲ್ಲ. ಮೊದಲು ಹಂಗಿರ್ಲಿಲ್ಲಪ್ಪ. ನಾಟಕದೋರ ಸಹವಾಸ!"

ಆಮೇಲೆ ತನ್ನ ಮಂಡಿನೋವು, ಮಗಳ ಗಂಡ, ಎರಡನೇ ಮಹಡಿಯವರ ನಾಯಿ. ಒಂದೂಕಾಲು ಗಂಟೆ. ಎದ್ದು ಹೋಗುವಾಗ, "ನಿಮ್ಮ ಹತ್ರ ಮಾತಾಡೋಕೆ ಎಷ್ಟು ಹಿತ ಕಲಾವಿದರೇ" ಎಂದಳು. ಆಯಾಸವಾಯಿತು. ಆದರೂ ಆ ಅಳಿಯ ಮೂರು ತಿಂಗಳಿಂದ ಮನೆಗೆ ಬಂದಿಲ್ಲವಂತೆ, ಪಾಪ. ಎಲೆಕೋಸು ಚೆನ್ನಾಗಿತ್ತು.

ಫೆಬ್ರವರಿ 17, ಶನಿವಾರ

ಇವತ್ತಿನದನ್ನು ಹೇಗೆ ಬರೆಯುವುದೋ ತಿಳಿಯದು. ನಡೆದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಉಪ್ಪು ಬೇಕಿತ್ತು. ಎತೆಲ್ಕಾ ಒಲೆಯ ಮುಂದೆ, ನನಗೆ ಬೆನ್ನು ಹಾಕಿ ನಿಂತಿದ್ದಳು. ಚಮಚದಿಂದ ಲೋಟ ಬಡಿದೆ. ತಿರುಗಲಿಲ್ಲ. ಮತ್ತೆ ಬಡಿದೆ. ಮೇಜು ಗುದ್ದಿದೆ. ತಿರುಗಲಿಲ್ಲ. ನೆತ್ತಿಗೆ ಏರಿತು. ಪಾತ್ರ ಹೋಯಿತು, ದನಿ ಹೋಯಿತು, ಈಗ ಸ್ವಂತ ಹೆಂಡತಿಗೂ ನಾನು ಲೆಕ್ಕಕ್ಕಿಲ್ಲ! ಎದ್ದು ಹೋಗಿ ನೋಟ್‌ಬುಕ್ ಅವಳ ಮುಖಕ್ಕೆ ಹಿಡಿದೆ. ದೊಡ್ಡ ಅಕ್ಷರದಲ್ಲಿ ಬರೆದಿದ್ದೆ: "ಕಿವುಡಿಯೇನು ನೀನು?"

ಓದಿದಳು. ಒಲೆ ಆರಿಸಿದಳು. ಏಪ್ರನ್ನಿಗೆ ಕೈ ಒರೆಸಿಕೊಂಡು ಕೂತಳು.

"ಹೌದು," ಎಂದಳು.

ನಾನು ನೋಟ್‌ಬುಕ್ ಕೆಳಗಿಳಿಸಿದೆ.

"ಎಡಗಿವಿ ಹೋಗಿ ನಾಲ್ಕು ವರ್ಷ ಆಯ್ತು ವಿಲಿ. ಬಲಗಿವಿ ಅರ್ಧ ಉಳಿದಿದೆ. ಕಿವಿಗೆ ಹಾಕೋ ಮಿಷನ್ ಕೊಟ್ಟಿದ್ದಾರೆ, ಬಟ್ಟೆ ಬೀರುವಿನಲ್ಲಿದೆ. ಅದನ್ನ ಹಾಕ್ಕೊಂಡ್ರೆ ರಂಗದ ಮೇಲಿನ ಬೂಟು ಸದ್ದೆಲ್ಲ ತಲೆ ಒಳಗೆ ಬರುತ್ತೆ. ಮತ್ತೆ ಎಲ್ಲರಿಗೂ ಕಾಣುತ್ತೆ."

ನಾನು ಬರೆದೆ: "ನೀನು ಪ್ರಾಂಪ್ಟರ್!"

"ಹೂಂ, ಪ್ರಾಂಪ್ಟರ್. ನಾಟಕ ಎಲ್ಲ ನಂಗೆ ಬಾಯಿಪಾಠ. ರಂಗದ ಮುಂದಿನ ಗುಂಡಿಯೊಳಗೆ ಕೂತು ತುಟಿ ನೋಡ್ತೀನಿ. ತುಟಿ ತಡವರಿಸಿದ್ರೆ ಮಾತು ಎತ್ತಿಕೊಡ್ತೀನಿ. ಬೆನ್ನು ತಿರುಗಿಸಿದ್ರೆ ಮಾತ್ರ ನಂಗೆ ಏನೂ ಮಾಡೋಕಾಗಲ್ಲ."

ಅಕ್ಟೋಬರಿನಲ್ಲಿ ನಾನು ಬೆನ್ನು ತಿರುಗಿಸಿ ನಿಂತಾಗ ಮಾತು ಮರೆತಿದ್ದೆ. ಗುಂಡಿಯಿಂದ ಏನೂ ಬರಲಿಲ್ಲ. ಆಟ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಎಲ್ಲರೆದುರು, "ಒಳಗೆ ಕೂತು ನಿದ್ದೆ ಹೊಡೀತೀಯಾ?" ಎಂದು ಕೂಗಿದ್ದೆ. ಅವಳು ನಕ್ಕಿದ್ದಳು. ನಾಚಿಕೆಗೆಟ್ಟವಳು ಎಂದುಕೊಂಡಿದ್ದೆ.

"ನನಗ್ಯಾಕೆ ಹೇಳಲಿಲ್ಲ? ನಾವು ದಿನಾ ಮಾತಾಡುತ್ತಿದ್ದೆವಲ್ಲ?" ಎಂದು ಬರೆದೆ.

"ನಾವು ಮಾತಾಡ್ತಿರ್ಲಿಲ್ಲ ವಿಲಿ. ನೀನು ಮಾತಾಡ್ತಿದ್ದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಅದಕ್ಕೆ ನಂಗೆ ತೊಂದರೆ ಇರ್ಲಿಲ್ಲ. ಗೆರೆಬೆನ್ ಉಪ್ಪು ಕೇಳಿದ್ರೂ ಯುದ್ಧ ಸಾರಿದ ಹಾಗಿರುತ್ತೆ ಅಂತ ಊರೆಲ್ಲ ನಗುತ್ತೆ. ನಂಗೆ ಪೂರ್ತಿ ಕೇಳಿಸೋ ದನಿ ಅದೊಂದೇ. ನೀನು ಆಸ್ಪತ್ರೆಯಿಂದ ಬಂದಾಗಿಂದ ಈ ಮನೆಯಲ್ಲಿ ಒಂದು ಸದ್ದೂ ಇಲ್ಲ. ಗಡಿಯಾರ ಕೂಡ ಇಲ್ಲ."

ಸೂಪು ತಣ್ಣಗಾಯಿತು. ಇಬ್ಬರೂ ಮುಟ್ಟಲಿಲ್ಲ.

ಫೆಬ್ರವರಿ 18, ಭಾನುವಾರ

ಏನೂ ಬರೆಯಲಾರೆ.

ಫೆಬ್ರವರಿ 22, ಗುರುವಾರ

ಬುಡಾಪೆಸ್ಟಿನಿಂದ ಕಾಗದ! ಮೂವತ್ತು ವರ್ಷದ ಯುವ ನಿರ್ದೇಶಕ, ಈಗ ಅವನ ಸಿನಿಮಾಗಳ ಬಗ್ಗೆಯೇ ಎಲ್ಲರ ಮಾತು. ರೈಲ್ವೆ ಗೇಟ್ ಕಾಯುವ ಮುದುಕನ ಕಥೆ ಮಾಡುತ್ತಿದ್ದಾನಂತೆ. ಇಡೀ ಚಿತ್ರದಲ್ಲಿ ಮುದುಕ ಆಡುವುದು ಹತ್ತು ಮಾತು; ಅದನ್ನೂ ಬೇಕಾದರೆ ಆಮೇಲೆ ಬೇರೆಯವರ ದನಿಯಲ್ಲಿ ಕೂಡಿಸಬಹುದು. "ನಿಮ್ಮ ಗಂಟಲಿನ ವಿಷಯ ಕೇಳಿದ್ದೇನೆ. ನನಗೆ ಬೇಕಾಗಿರುವುದು ನಿಮ್ಮ ಮುಖ" ಎಂದು ಬರೆದಿದ್ದಾನೆ. ಚಿತ್ರೀಕರಣ ಮಾರ್ಚ್ ಏಳರಿಂದ ಹದಿನಾರು.

ಹದಿನೇಳು ಸಿನಿಮಾ ಮಾಡಿದ್ದೇನೆ. ಹನ್ನೊಂದರಲ್ಲಿ ದಫೇದಾರ. ಬಾಗಿಲು ಒದೆಯುವುದು, "ಎಲ್ಲಿ ಅವನು?" ಎಂದು ಗುಡುಗುವುದು, ಮೊದಲ ಅರ್ಧದಲ್ಲೇ ಗುಂಡು ತಿಂದು ಬೀಳುವುದು. ಇವತ್ತಿಗೂ ಟ್ರಾಮಿನಲ್ಲಿ ಯಾರಾದರೂ, "ದಫೇದಾರ್ರೇ, ಟಿಕೆಟ್ ಇದೆಯಾ?" ಎಂದು ರೇಗಿಸುತ್ತಾರೆ. ಐವತ್ತೇಳನೇ ವಯಸ್ಸಿನಲ್ಲಿ ಮೊದಲ ಸಲ ಒಬ್ಬ ನನ್ನ ಮುಖ ನೋಡಿದ್ದಾನೆ.

ಎತೆಲ್ಕಾ ಕಾಗದವನ್ನು ಎರಡು ಸಲ ಓದಿದಳು. "ಹೋಗು ವಿಲಿ. ಇದು ನಿಂದೇ," ಎಂದಳು. ಹಳೆಯ ಸೂಟ್‌ಕೇಸ್ ಹೊರತೆಗೆದು ಒರೆಸಿಟ್ಟಳು.

ಫೆಬ್ರವರಿ 26, ಸೋಮವಾರ

ತಾಲೀಮು ನೋಡಲು ಹೋದೆ. ಬೋಡೋಗನ ಸೋಲು ನೋಡಲು ಎಂದು ಎಲ್ಲರೂ ಅಂದುಕೊಂಡರು. ನಿಜ ಹೇಳಬೇಕೆಂದರೆ ಹೊರಡುವಾಗ ನನ್ನ ಮನಸ್ಸಿನಲ್ಲೂ ಅದೇ ಇತ್ತು.

ದಳಪತಿಗೆ ದಪ್ಪ ಮೀಸೆ ಅಂಟಿಸಿದ್ದಾರೆ. ಮೇಲ್ದುಟಿ ಕಾಣುವುದೇ ಇಲ್ಲ. ಮೇಲಾಗಿ ಅವನು ಅರ್ಧ ಮಾತನ್ನು ಎದೆಯೊಳಗೇ ಆಡುತ್ತಾನೆ. ಮೂರನೇ ಅಂಕದ ಮುತ್ತಿಗೆಯ ದೃಶ್ಯ ಬರೀ ಪಂಜಿನ ಬೆಳಕಿನಲ್ಲಿ. ಅಲ್ಲಿ ಅವನಿಗೆ ಮಾತು ತಪ್ಪಿತು. ನಿಂತ. ಕಾದ. ನಾನು ಗುಂಡಿಯ ಕಡೆ ನೋಡಿದೆ. ಎತೆಲ್ಕಾ ಪುಸ್ತಕ ಬಿಟ್ಟು, ಕತ್ತು ಮುಂದೆ ಚಾಚಿ, ಕತ್ತಲಲ್ಲಿ ಸೂಜಿ ಹುಡುಕುವವಳ ಹಾಗೆ ಅವನ ಮುಖ ನೋಡುತ್ತಿದ್ದಳು. ಮಾತಿನ ನಡುವಿನ ಮೌನವೋ, ಮರೆತ ಮೌನವೋ, ಅವಳಿಗೆ ತಿಳಿಯಲಿಲ್ಲ.

"ಪ್ರಾಂಪ್ಟರ್!" ಎಂದು ಹಿಂದಿನಿಂದ ನಿರ್ದೇಶಕ ಕೂಗಿದ. ಅದೂ ಅವಳಿಗೆ ಕೇಳಿಸಲಿಲ್ಲ.

ಮೂವತ್ತೊಂದು ವರ್ಷ ಆ ಗುಂಡಿಯ ಮುಂದೆ ನಿಂತಿದ್ದೇನೆ. ಅಲ್ಲಿ ಕೂತವರ ಮುಖದಲ್ಲಿ ಅಷ್ಟು ದಣಿವಿರುತ್ತದೆ ಎಂದು ಗೊತ್ತಿರಲಿಲ್ಲ. ಅವಳ ಪಿಂಚಣಿಗೆ ಇನ್ನು ಎರಡು ವರ್ಷ.

ಫೆಬ್ರವರಿ 28, ಬುಧವಾರ

ಕ್ಯಾಂಟೀನಿನಲ್ಲಿ ಬೋಡೋಗನ ಎದುರು ಕೂತು ಬರೆದು ತೋರಿಸಿದೆ: "ಮೀಸೆ ನಿನಗೆ ಒಪ್ಪುವುದಿಲ್ಲ. ತೆಗೆ."

ಗಹಗಹಿಸಿ ನಕ್ಕ. "ಪಾತ್ರ ಹೋಯ್ತು ಅಂತ ಈಗ ನನ್ನ ಮೀಸೆ ಮೇಲೆ ಕಣ್ಣಾ ಮುದುಕಾ?"

ಇದು ನನ್ನ ಗುಟ್ಟಲ್ಲ, ಅವಳದು. ಕೊನೆಗೆ ಬರೆದೆ: "ಎತೆಲ್ಕಾಗೆ ಕಿವಿ ಕೇಳಿಸುವುದಿಲ್ಲ. ನಿನ್ನ ತುಟಿ ಕಾಣಬೇಕು. ಯಾರಿಗೂ ಹೇಳಬೇಡ."

ಓದಿದ. ನಗು ನಿಂತಿತು. ನೋಟ್‌ಬುಕ್ ಮೆಲ್ಲಗೆ ನನ್ನ ಕಡೆ ತಳ್ಳಿದ.

"ನಮಗೆಲ್ಲ ಗೊತ್ತು ಕಣೋ."

"ಯಾವಾಗಿನಿಂದ?" ಎಂದು ಬರೆದೆ.

"ಮೂರು ವರ್ಷದಿಂದ ಗೊತ್ತು. ಮಾತು ಮರೆತವರೆಲ್ಲ ಗುಂಡಿ ಕಡೆ ಮುಖ ಮಾಡಿ ಬಾಯಿ ತೆರೀತೀವಿ. ಹೊಸಬರು ಬಂದ್ರೆ ಮೊದಲ ದಿನವೇ ಹೇಳಿಕೊಡ್ತೀವಿ. ಹೊಸ ನಿರ್ದೇಶಕ ಒಬ್ಬನಿಗೆ ಗೊತ್ತಿಲ್ಲ, ಅವನು ರಾಜಧಾನಿಯಿಂದ ಬಂದೋನು." ಲೋಟ ತಿರುಗಿಸುತ್ತಾ ಹೇಳಿದ: "ನಿಂಗೂ ಗೊತ್ತಿರಬೇಕು, ಮೇಲೆ ತೋರಿಸ್ಕೊಳ್ಳಲ್ಲ ಅಂದ್ಕೊಂಡಿದ್ವಿ. ಅಕ್ಟೋಬರಲ್ಲಿ ನೀನು ಇಲ್ಲೇ ನಿಂತು ಕೂಗಾಡಿದಾಗ ನನಗೆ ನಿನ್ನ ಕಪಾಳಕ್ಕೆ ಹೊಡೆಯೋ ಹಾಗಾಗಿತ್ತು. ಅವಳೇ ಕಣ್ಣಲ್ಲಿ ಬೇಡ ಅಂದಳು."

ಕ್ಯಾಂಟೀನಿನಲ್ಲಿ ನಮ್ಮವರು ಆರೇಳು ಮಂದಿ ಇದ್ದರು. ಎಲ್ಲರೂ ಕಾಫಿ ಲೋಟ ನೋಡುತ್ತಿದ್ದರು.

"ಮೀಸೆ ಅಡ್ಡ ಬರುತ್ತೆ ಅಂತ ನಂಗೆ ಹೊಳೀಲಿಲ್ಲ. ತುಟಿ ಮೇಲೆ ಬರದ ಹಾಗೆ ಕತ್ತರಿಸ್ತೀನಿ," ಎಂದ ಬೋಡೋಗ್. "ಪಂಜಿನ ಬೆಳಕಿಗೆ ಮಾತ್ರ ನಾನೇನೂ ಮಾಡಲಾರೆ. ಆ ದೃಶ್ಯದಲ್ಲಿ ಯಾರಾದ್ರೂ ರಂಗದ ಪಕ್ಕದ ವಿಂಗ್‌ನಲ್ಲಿ ನಿಂತು, ನಾನು ಮರೆತಾಗ ಅವಳಿಗೆ ಕೈ ತೋರಿಸಬೇಕು. ಪಾತ್ರ ಬಾಯಿಪಾಠ ಇರೋನು. ಅವಳಿಗೆ ಕಾಣೋ ಜಾಗದಲ್ಲಿ."

ಪಾತ್ರ ಬಾಯಿಪಾಠ ಇರುವವನು ಒಬ್ಬನೇ.

ಮಾರ್ಚ್ 2, ಶುಕ್ರವಾರ

ಅಂಚೆ ಕಚೇರಿಗೆ ಹೋಗಿ ಬುಡಾಪೆಸ್ಟಿಗೆ ತಂತಿ ಕೊಟ್ಟೆ, ಬರಲಾಗುವುದಿಲ್ಲ ಎಂದು. ಬರುವಾಗ ಹಾಲು ತಂದೆ. ಪಾಪ್ರಿಕಾ ಮೆಣಸಿನ ಪುಡಿ ಎಲ್ಲೂ ಚೆನ್ನಾಗಿಲ್ಲ. ಕಾಲುದಾರಿಯೆಲ್ಲ ಕೆಸರು.

ಮಾರ್ಚ್ 6, ಮಂಗಳವಾರ

ಎತೆಲ್ಕಾ ಸೂಟ್‌ಕೇಸ್ ತುಂಬುತ್ತೇನೆಂದಳು. ಬೇಡವೆಂದು ಬರೆದು ತೋರಿಸಿದೆ. ಒಂದು ಗಂಟೆ ನನ್ನೊಂದಿಗೆ ಮಾತು ಬಿಟ್ಟಳು. ಆಮೇಲೆ ಬಂದು, "ನೀನು ದಡ್ಡ," ಎಂದಳು. ಆಮೇಲೆ ಗಸಗಸೆ ಹಾಕಿದ ಶಾವಿಗೆ ಮಾಡಿದಳು.

ಅಡುಗೆಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದೇವೆ. ನಾನು ಬಾಗಿಲ ಹತ್ತಿರ ನಿಲ್ಲುತ್ತೇನೆ, ಅವಳು ಒಲೆಯ ಪಕ್ಕ ಮೊಣಕಾಲ ಎತ್ತರದ ಸ್ಟೂಲಿನ ಮೇಲೆ. ಒಂದು ಬೆರಳೆಂದರೆ ಮಾತು ಮರೆತ. ಅಂಗೈ ಎಂದರೆ ಬೇಕೆಂದೇ ಸುಮ್ಮನಿದ್ದಾನೆ, ತಡಿ. ಎರಡು ಬೆರಳೆಂದರೆ ಸಾಲು ಹಾರಿಸಿದ.

ಇವತ್ತು ಮಾತಿನ ನಡುವೆ ಹೇಳಿದಳು: "ನಲವತ್ತೆರಡರಲ್ಲಿ ನಿನ್ನ ಮೊದಲನೇ ರಾತ್ರಿ ನೆನಪಿದೆಯಾ? ಮರದ ಪೆಟ್ಟಿಗೆ ಹಿಡ್ಕೊಂಡು ಹಳ್ಳಿಯಿಂದ ಬಂದಿದ್ದೆ. ರಂಗದ ಮೇಲೆ ಬಂದು ಕಂಬದ ಹಾಗೆ ನಿಂತುಬಿಟ್ಟೆ. ಮೊದಲ ಮಾತು ನಾನು ಮೂರು ಸಲ ಹೇಳಿಕೊಟ್ಟೆ. ಮೂರನೇ ಸಲಕ್ಕೆ ನೀನು ಎಷ್ಟು ಜೋರಾಗಿ ಕೂಗಿದೆ ಅಂದ್ರೆ ಜನ ಚಪ್ಪಾಳೆ ತಟ್ಟಿದ್ರು. ನನ್ನ ಪುಸ್ತಕ ಕೈಯಿಂದ ಬಿತ್ತು."

ಪತ್ರಿಕೆಯವರಿಗೆ ನಾನು ಇದನ್ನು ಬೇರೆ ರೀತಿಯಲ್ಲಿ ಹೇಳುತ್ತಾ ಬಂದಿದ್ದೇನೆ. ಇರಲಿ.

ಮಾರ್ಚ್ 10, ಶನಿವಾರ

ನಿನ್ನೆ ಮೊದಲ ಪ್ರದರ್ಶನ ಆಯಿತು. ಕಾಲು ಇನ್ನೂ ನೋಯುತ್ತಿದೆ. ಮೂರೂ ಅಂಕ ಎಡಗಡೆ ವಿಂಗ್‌ನಲ್ಲಿ ನಿಂತೇ ಇದ್ದೆ. ಲೈಟಿನವನು ನನ್ನ ಕೈಗೆ ಮಾತ್ರ ಬೀಳುವಂತೆ ಒಂದು ಸಣ್ಣ ನೀಲಿ ದೀಪ ಕಟ್ಟಿಕೊಟ್ಟಿದ್ದ. ನಾನು ಕೇಳಿರಲಿಲ್ಲ.

ಮುತ್ತಿಗೆಯ ದೃಶ್ಯದಲ್ಲಿ ಬೋಡೋಗ್ ನಿಂತುಬಿಟ್ಟ. ನಾನು ಅಂಗೈ ತೋರಿಸಿದೆ, ಬೇಕೆಂದೇ ನಿಂತಿದ್ದಾನೆ ಎಂದು. ಆಮೇಲೆ ಅವನ ಕುತ್ತಿಗೆಯ ನರ ಉಬ್ಬಿದ್ದು ಕಂಡಿತು. ಬೆರಳೆತ್ತಿದೆ. ಗುಂಡಿಯಿಂದ ಮಾತು ಹೋಯಿತು. ಅದನ್ನು ಹಿಡಿದು ಅವನು ಹೇಳಿದ, "ಬಾಗಿಲು ತೆರೆಯಿರಿ, ಒಳಗಿರುವವರೂ ನಮ್ಮವರೇ" ಎಂದು. ಎಷ್ಟು ಮೆತ್ತಗೆ ಹೇಳಿದನೆಂದರೆ ಇಡೀ ಸಭಾಂಗಣ ಮುಂದಕ್ಕೆ ಬಾಗಿತು. ನಾನಾಗಿದ್ದರೆ ಅದನ್ನು ಕೂಗಿಬಿಡುತ್ತಿದ್ದೆ. ಮೆತ್ತಗೆ ಹೇಳುವುದೇ ಸರಿ. ಇಷ್ಟು ವರ್ಷದಲ್ಲಿ ನನಗದು ಹೊಳೆಯಲಿಲ್ಲ.

ಪರದೆ ಇಳಿದ ಮೇಲೆ ಬೋಡೋಗ್ ಬೆವರುತ್ತಾ ಬಂದು ನನ್ನ ಭುಜ ಹಿಡಿದ. "ಬೆರಳೆತ್ತೋಕೆ ಯಾಕೋ ಇಷ್ಟು ತಡ? ಸತ್ತೇ ಹೋಗ್ತಿದ್ದೆ!"

"ನಟಿಸುತ್ತಿದ್ದೀಯ ಅಂದುಕೊಂಡೆ" ಎಂದು ಬರೆದೆ. "ಮೊದಲ ಸಲ."

ಎತೆಲ್ಕಾ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಗುಂಡಿಯಿಂದ ಮೇಲೆ ಬಂದಳು. ಟ್ರಾಮಿನಲ್ಲಿ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಇಳಿಯುವ ನಿಲ್ದಾಣ ದಾಟಿ ಹೋಯಿತು. ಎಬ್ಬಿಸಲಿಲ್ಲ.

ಮಾರ್ಚ್ 12, ಸೋಮವಾರ

ಡಾಕ್ಟರ್ ಬೋರೋಶ್ ಗಂಟಲೊಳಗೆ ಕನ್ನಡಿ ಇಟ್ಟು ಬಹಳ ಹೊತ್ತು ನೋಡಿದರು. "ಈಗ ನಿಮ್ಮ ಹೆಸರು ಹೇಳಿ," ಎಂದರು.

ಹೇಳಿದೆ. ಯಾರೋ ಪಕ್ಕದ ಕೋಣೆಯಲ್ಲಿ ಕಾಗದ ಹರಿದ ಹಾಗೆ ಕೇಳಿಸಿತು.

"ಸ್ವಲ್ಪ ಗಟ್ಟಿಯಾಗುತ್ತೆ. ಬಹಳ ಅಲ್ಲ." ಕನ್ನಡಿ ಒರೆಸಿ ಇಟ್ಟರು. ಅವರ ಕಣ್ಣಿನ ಕೆಳಗೆ ಕಪ್ಪಾಗಿತ್ತು. ನನ್ನ ನಂತರ ಇನ್ನೂ ಹನ್ನೆರಡು ಮಂದಿ ಬೆಂಚಿನ ಮೇಲೆ ಕಾಯುತ್ತಿದ್ದರು. "ಮನೆಯಲ್ಲಿ ಮಾತಾಡೋಕೆ ಸಾಕು. ದೊಡ್ಡ ರಂಗಮಂದಿರಕ್ಕೆ ಸಾಲಲ್ಲ. ನನ್ನಮ್ಮ ನಿಮ್ಮ ನಾಟಕ ಒಂದೂ ಬಿಡ್ತಿರ್ಲಿಲ್ಲ. ಇದನ್ನ ನಿಮಗೆ ನಾನೇ ಹೇಳಬೇಕಾಯ್ತಲ್ಲ, ಕ್ಷಮಿಸಿ."

ಅಮ್ಮ ಈಗ ಹೇಗಿದ್ದಾರೆ ಎಂದು ಕೇಳಿದೆ. ಹೋದ ವರ್ಷ ತೀರಿಕೊಂಡರಂತೆ.

ಬುಡಾಪೆಸ್ಟಿನಿಂದ ಒಂದು ಸಾಲಿನ ಉತ್ತರ ಬಂದಿದೆ. ಗೇಟ್ ಕಾಯುವವನಿಗೆ ಬೇರೆ ಮುಖ ಸಿಕ್ಕಿದೆಯಂತೆ. ಓದಿ ಜೇಬಿನಲ್ಲಿಟ್ಟುಕೊಂಡೆ. ನದಿ ದಂಡೆಯ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತೆ. ಹಿಮಗಡ್ಡೆಗಳು ಒಡೆದು ಹೋಗುತ್ತಿದ್ದವು. ಆಚೆ ದಡಕ್ಕೆ ಕೂಗಿ ನೋಡೋಣ ಅನ್ನಿಸಿತು. ಕೂಗಲಿಲ್ಲ. ಸುಸ್ತಾಗಿತ್ತು.

ಮನೆಗೆ ಬಂದಾಗ ಎತೆಲ್ಕಾ ಕಿಟಕಿಯ ಹತ್ತಿರ ಆಲೂಗಡ್ಡೆ ಸುಲಿಯುತ್ತಿದ್ದಳು, ಬೆನ್ನು ನನ್ನ ಕಡೆ. ಬಾಗಿಲಲ್ಲೇ ನಿಂತು, "ಎತೆಲ್," ಎಂದೆ. ತಿರುಗಲಿಲ್ಲ. ಇದ್ದ ಶಕ್ತಿಯನ್ನೆಲ್ಲ ಹಾಕಿ ಮತ್ತೆ ಅಂದೆ. ಆಲೂಗಡ್ಡೆಯ ಸಿಪ್ಪೆ ಉದ್ದಕ್ಕೆ ಇಳಿಯುತ್ತಲೇ ಇತ್ತು.

ಅವಳಿಗೆ ಕೇಳಿಸುತ್ತಿದ್ದ ಒಂದೇ ದನಿಯೂ ಇನ್ನಿಲ್ಲ.

ಕೋಟು ತೆಗೆಯದೆಯೇ ಮೇಜು ಸುತ್ತಿ ಹೋದೆ. ಕುರ್ಚಿ ಎಳೆದು ಅವಳ ಎದುರು, ಕಿಟಕಿಯ ಬೆಳಕು ನನ್ನ ಮುಖದ ಮೇಲೆ ಬೀಳುವ ಹಾಗೆ ಕೂತೆ. ಅವಳು ಚಾಕು ಕೆಳಗಿಟ್ಟು ನನ್ನ ತುಟಿ ನೋಡಿದಳು.

"ಇವತ್ತು ಏನೇನಾಯ್ತು ನಿಂಗೆ?" ಎಂದೆ.

"ಇನ್ನೊಂದ್ಸಲ ಹೇಳು."

ಇನ್ನೊಂದು ಸಲ ಹೇಳಿದೆ.

ಏನೇನಾಯಿತೆಂದರೆ: ಬೆಳಿಗ್ಗೆ ಬೀರುವಿನಿಂದ ಮಿಷನ್ ತೆಗೆದು ಕಿವಿಗೆ ಹಾಕಿಕೊಂಡು ವ್ಯವಸ್ಥಾಪಕರ ಹತ್ತಿರ ಹೋಗಿ, ತಾನೇ ಎಲ್ಲ ಹೇಳಿಬಿಟ್ಟಳಂತೆ. ಮೀಸೆಗಳನ್ನು ಕತ್ತರಿಸುತ್ತಾ, ಬೆರಳು ತೋರಿಸುತ್ತಾ ಎಷ್ಟು ದಿನ ನಡೆಸುವುದು ಎಂದು. ಅವರು ಕೂಗಾಡಲಿಲ್ಲ. ಹೊಸ ಹುಡುಗಿಯೊಬ್ಬಳಿಗೆ ಕೆಲಸ ಕಲಿಸಿಕೊಡಿ, ಆಮೇಲೆ ಪಿಂಚಣಿಯ ತನಕ ಹಸ್ತಪ್ರತಿ ಕೋಣೆ ನೋಡಿಕೊಳ್ಳಿ ಎಂದರಂತೆ. ಆ ಹುಡುಗಿಯ ಹೆಸರು ಸಾರೊಲ್ಟಾ, ಬಹಳ ಬೇಗ ಓದುತ್ತಾಳೆ, ನಡುವೆ ಉಸಿರಾಡಲು ಕಲಿಸಬೇಕು. ಬರುವಾಗ ಟ್ರಾಮಿನಲ್ಲಿ ಮಿಷನ್ ತೆಗೆಯದೆಯೇ ಕೂತಿದ್ದಳಂತೆ. ಗಾಲಿಯ ಸದ್ದು, ಗಂಟೆ, ಯಾರೋ ಸೇಬು ಕಚ್ಚಿದ್ದು, ಎಲ್ಲ ಒಟ್ಟಿಗೆ ಬಂದು ತಲೆ ಸಿಡಿಯಿತಂತೆ. ಮಗುವೊಂದು ಅವಳ ಕಿವಿ ತೋರಿಸಿ ಏನೋ ಕೇಳಿತು, ತಾಯಿ ಅದರ ಕೈ ಕೆಳಗೆ ಎಳೆದಳು. ಮೆಟ್ಟಿಲ ಮೇಲೆ ರೇಜಿ ನೇನಿ ಹಿಂದಿನಿಂದ ನಮಸ್ಕಾರ ಹೇಳಿದಳು. ಎತೆಲ್ಕಾ ತಿರುಗಿ ನಮಸ್ಕಾರ ಹೇಳಿದಳು. ನೇನಿ ಗಾಬರಿಯಾಗಿ ಬಕೆಟ್ ಕೆಳಗಿಟ್ಟಳಂತೆ. ಒಳಗೆ ಬಂದ ಮೇಲೆ ತಲೆನೋವಿಗೆ ಮಿಷನ್ ಬಿಚ್ಚಿಟ್ಟಳಂತೆ.

ಇನ್ನೂ ಹೇಳುತ್ತಿದ್ದಾಳೆ. ಮೇಜಿನ ಈ ತುದಿಯಲ್ಲಿ ಕೂತು ಇಷ್ಟನ್ನು ಬರೆದುಕೊಂಡೆ. ಉಳಿದದ್ದನ್ನು ಬರೆಯುವುದಿಲ್ಲ, ಬಗ್ಗಿ ಬರೆಯುತ್ತಿದ್ದರೆ ನನ್ನ ಮುಖ ಅವಳಿಗೆ ಕಾಣುವುದಿಲ್ಲ.